‘ಮಿಂಚಿನ ಓಟ’ದ ಕೀರ್ತಿ ಯಾರದು? ಶಂಕರ್ ನಾಗ್ ಬದುಕಿನತ್ತ ಒಂದು ಮರುನೋಟ

ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸಂಜೆಯ ಹೊತ್ತು ಬಸ್ಸಿಗಾಗಿ ಕಾದು ನಿಂತವರಿಗೆ ಕಣ್ಣು ಹಾಯಿಸಲು ಸಿಗುವುದು ವಾಹನಗಳ ಬೆನ್ನು ಮಾತ್ರ. ಅವುಗಳಲ್ಲಿ ಆಟೊಗಳ ಬೆನ್ನೇ ಓದಲು ಯೋಗ್ಯವಾದದ್ದು. ದೇವರ ಹೆಸರು, ತಾಯಿಯ ಆಶೀರ್ವಾದ, ಮಕ್ಕಳ ಹೆಸರು, ಇವುಗಳ ನಡುವೆ ಮತ್ತೆ ಮತ್ತೆ ಎದುರಾಗುವ ಒಂದು ಮುಖವಿದೆ. ಖಾಕಿ ಅಂಗಿ, ಕೆದರಿದ ಕೂದಲು, ಕಣ್ಣಂಚಿನಲ್ಲಿ ನಗು. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಅವರ ಚಿತ್ರವನ್ನು ತಮ್ಮ ಗಾಡಿಗೆ ಅಂಟಿಸಿಕೊಂಡಿರುವ ಚಾಲಕರಲ್ಲಿ ಅನೇಕರು ಆಗಿನ್ನೂ ಹುಟ್ಟಿರಲಿಲ್ಲ. ಬದುಕಿದ್ದ 35 ವರ್ಷಗಳಿಗಿಂತ ಹೆಚ್ಚು ಕಾಲವನ್ನು ಈ ಮುಖ ನಮ್ಮ ರಸ್ತೆಗಳಲ್ಲಿ ಓಡಾಡುತ್ತ ಕಳೆದಿದೆ.

ಪ್ರತಿ ವರ್ಷ ಎರಡು ಸಲ, ನವೆಂಬರ್ 9ರ ಜನ್ಮದಿನಕ್ಕೆ ಮತ್ತು ಸೆಪ್ಟೆಂಬರ್ 30ರ ಪುಣ್ಯತಿಥಿಗೆ, ಪತ್ರಿಕೆಗಳಲ್ಲಿ ಅವರ ಬಗ್ಗೆ ಲೇಖನಗಳು ಬರುತ್ತವೆ. ಆ ಲೇಖನಗಳಲ್ಲಿ ತಪ್ಪದೆ ಬರುವ ಹೆಸರು ‘ಮಿಂಚಿನ ಓಟ’. 1980ರಲ್ಲಿ ತೆರೆಕಂಡ, ಅವರು ನಿರ್ದೇಶಿಸಿದ ಮೊದಲ ಚಿತ್ರ. ಕಾರುಗಳ್ಳರ ಕಥೆ. ಕನ್ನಡದಲ್ಲಿ ಪಾತಕಲೋಕವನ್ನು ಕುರಿತು ಬಂದ ಚಿತ್ರಗಳ ಪಟ್ಟಿ ಮಾಡುವವರೆಲ್ಲ ಇದನ್ನು ಮೇಲಿನ ಸಾಲಿನಲ್ಲಿಡುತ್ತಾರೆ. ಆದರೆ ಇದನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದವರು ಎಷ್ಟು ಮಂದಿ? ನನ್ನ ಪರಿಚಯದ ಚಿತ್ರರಸಿಕರನ್ನು ಕೇಳಿದರೆ ಹೆಸರು ಗೊತ್ತು ಎನ್ನುವವರೇ ಹೆಚ್ಚು. ಹಾಗಿದ್ದರೆ ಈ ಚಿತ್ರದ ಕೀರ್ತಿ ಬಂದದ್ದು ಎಲ್ಲಿಂದ? ಅದು ಚಿತ್ರದ್ದೇ, ಇಲ್ಲಾ ಅಕಾಲದಲ್ಲಿ ಹೋದ ಒಬ್ಬ ಪ್ರೀತಿಯ ಮನುಷ್ಯನಿಂದ ಅದಕ್ಕೆ ದೊರೆತ ಬಳುವಳಿಯೇ? ಶಂಕರ್ ನಾಗ್ ಬಗ್ಗೆ ಇಂಥ ಪ್ರಶ್ನೆ ಕೇಳುವುದೇ ಅಪಚಾರ ಎಂದು ಕೆಲವರಿಗೆ ಅನಿಸಬಹುದು. ಆದರೆ ತಾವು ಮಾಡಿದ್ದನ್ನು ಜನ ನಿಜವಾಗಿ ನೋಡಬೇಕೆಂದು ದುಡಿದ ಮನುಷ್ಯ ಅವರು. ನೋಡದೆ ಹೊಗಳುವುದು ಅವರಿಗೆ ಸಲ್ಲಿಸುವ ಗೌರವವಾಗಲಾರದು.

ಉತ್ತರ ಕನ್ನಡದಿಂದ ಮುಂಬಯಿಗೆ

ಶಂಕರ್ ಹುಟ್ಟಿದ್ದು 1954ರಲ್ಲಿ, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಸೀಮೆಯಲ್ಲಿ. ಮನೆತನದ ಹೆಸರು ನಾಗರಕಟ್ಟೆ, ಮನೆಮಾತು ಕೊಂಕಣಿ. ಅಣ್ಣ ಅನಂತ್ ಆರು ವರ್ಷ ದೊಡ್ಡವರು. ಕರಾವಳಿಯ ಎಷ್ಟೋ ಕುಟುಂಬಗಳ ಹುಡುಗರಂತೆ ಈ ಇಬ್ಬರೂ ಮುಂಬಯಿ ಸೇರಿದರು. ಅಲ್ಲಿನ ರಂಗಭೂಮಿ ಅಣ್ಣನನ್ನು ಮೊದಲು, ತಮ್ಮನನ್ನು ಅನಂತರ ತನ್ನತ್ತ ಸೆಳೆದುಕೊಂಡಿತು. ಅಣ್ಣ 1973ರ ‘ಸಂಕಲ್ಪ’ ಮತ್ತು ಮರುವರ್ಷದ ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ ಮೂಲಕ ಚಿತ್ರರಂಗಕ್ಕೆ ಬಂದಾಗ ತಮ್ಮ ಇನ್ನೂ ಮರಾಠಿ ನಾಟಕಗಳ ತಾಲೀಮಿನಲ್ಲಿದ್ದರು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದದ್ದೂ ಆ ರಂಗಭೂಮಿಯಲ್ಲೇ. ನಚಿಕೇತ್ ಮತ್ತು ಜಯೂ ಪಟವರ್ಧನ್ ದಂಪತಿ ನಿರ್ದೇಶಿಸಿದ ಮರಾಠಿ ಚಿತ್ರ ‘22 ಜೂನ್ 1897’ರ ಬರವಣಿಗೆಯಲ್ಲಿ ಶಂಕರ್ ಅವರ ಪಾಲಿತ್ತು. ಪುಣೆಯಲ್ಲಿ ಚಾಪೇಕರ್ ಸಹೋದರರು ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದ ಘಟನೆ ಅದರ ವಸ್ತು. ಅಂದರೆ ಕನ್ನಡದಲ್ಲಿ ಕಳ್ಳರ ಕಥೆಗೆ ಕೈಹಾಕುವ ಹೊತ್ತಿಗಾಗಲೇ, ಕಾನೂನಿನ ಆಚೆ ಕಾಲಿಟ್ಟ ಮನುಷ್ಯರನ್ನು ತೆರೆಯ ಮೇಲೆ ಹೇಗೆ ನಿಲ್ಲಿಸಬೇಕು ಎಂದು ಯೋಚಿಸಿದ ಅನುಭವ ಅವರಿಗಿತ್ತು.

ಕನ್ನಡಕ್ಕೆ ಅವರನ್ನು ಕರೆತಂದವರು ಗಿರೀಶ ಕಾರ್ನಾಡರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಶಂಕರ್ ಅವರದು ಗಂಡುಗಲಿ ಎಂಬ ಬಾಡಿಗೆ ಸೈನಿಕನ ಪಾತ್ರ. ಹೊಯ್ಸಳರ ಕಾಲದ ಇಬ್ಬರು ಚಿಕ್ಕ ಪಾಳೆಯಗಾರ ಸೋದರರ ವೈರದಲ್ಲಿ, ಕೂಲಿಗೆ ಕತ್ತಿ ಹಿಡಿದವನು ಅವನು. ಎದುರು ಪಾಳೆಯದಲ್ಲಿ ಸುಂದರಕೃಷ್ಣ ಅರಸರ ಪೆರ್ಮಾಡಿ. ಒಡೆಯರಿಗಿಂತ ಆಳುಗಳೇ ದೊಡ್ಡವರು ಎಂಬುದನ್ನು ನಿಧಾನವಾಗಿ ತೋರಿಸುವ ಆ ಚಿತ್ರದ ಮೇಲೆ ಜಪಾನಿನ ಕುರೊಸಾವ ಅವರ ಸಮುರಾಯ್ ಚಿತ್ರಗಳ ನೆರಳು ಇರುವುದನ್ನು ನೋಡಿದವರೆಲ್ಲ ಗುರುತಿಸಿದ್ದಾರೆ. 1979ರಲ್ಲಿ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕಾಗಿ ಶಂಕರ್ ಶ್ರೇಷ್ಠ ನಟರೆನಿಸಿಕೊಂಡರು. ಮೊದಲ ಚಿತ್ರ, 24ರ ವಯಸ್ಸು.

ಇಂಥ ಪ್ರಶಸ್ತಿ ಪಡೆದ ನಟ ಆ ಕಾಲದ ರೂಢಿಯಂತೆ ಕಲಾತ್ಮಕ ಚಿತ್ರಗಳ ಓಣಿಯಲ್ಲೇ ಉಳಿಯಬೇಕಿತ್ತು. ಶಂಕರ್ ಹಾಗೆ ಮಾಡಲಿಲ್ಲ. 1979ರಲ್ಲೇ ‘ಸೀತಾರಾಮು’ ಬಂತು, ಗಾಂಧಿನಗರ ಅವರನ್ನು ಹೊಡೆದಾಟದ ನಾಯಕನನ್ನಾಗಿ ಒಪ್ಪಿಕೊಂಡಿತು. ‘ಕರಾಟೆ ಕಿಂಗ್’ ಎಂಬ ಬಿರುದು ಬಂತು. ಮರುವರ್ಷ ‘ಆಟೊ ರಾಜ’ ಬಂದು, ಇಂದಿಗೂ ಅಳಿಯದ ಖಾಕಿ ಅಂಗಿಯನ್ನು ಅವರಿಗೆ ತೊಡಿಸಿತು. ಅದೇ 1980ರಲ್ಲಿ ಅವರು ತಾವೇ ಚಿತ್ರವೊಂದನ್ನು ನಿರ್ದೇಶಿಸಲು ಮುಂದಾದರು.

ಕಾರು ಎಂದರೆ ಆಗ ಏನು

‘ಮಿಂಚಿನ ಓಟ’ವನ್ನು ಇಂದು ನೋಡುವವರು ಮೊದಲು ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳಬೇಕು. 1980ರ ಬೆಂಗಳೂರಿನಲ್ಲಿ ಕಾರು ಇಂದಿನ ಕಾರಲ್ಲ. ಮಾರುತಿ 800 ಬಂದದ್ದು 1983ರ ಕೊನೆಯಲ್ಲಿ. ಅದಕ್ಕೆ ಮುಂಚೆ ಅಂಬಾಸಡರ್, ಫಿಯಟ್ ಎಂದೇ ಎಲ್ಲರೂ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್, ಇಷ್ಟೇ. ಹಣವಿದ್ದರೂ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೆಬ್ಬಾಳ ಆಗ ಊರ ಅಂಚು. ಪಶುವೈದ್ಯ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಹೊಲಗಳು, ಕೆರೆ, ಅದರಾಚೆ ದೇವನಹಳ್ಳಿಯತ್ತ ಹೋಗುವ ಬಳ್ಳಾರಿ ರಸ್ತೆ. ಆ ರಸ್ತೆಯಲ್ಲಿ ಕಾರು ಹೋದರೆ ಯಾರದೆಂದು ತಿರುಗಿ ನೋಡುವ ಕಾಲ. ಆದ್ದರಿಂದ ಕಾರು ಕದಿಯುವುದೆಂದರೆ ಬರಿಯ ಸೊತ್ತಿನ ಕಳವಲ್ಲ, ಬಹುಪಾಲು ಜನರಿಗೆ ಜೀವಮಾನದಲ್ಲಿ ಎಟುಕದ ಒಂದು ಅಂತಸ್ತಿಗೆ ಕೈಹಾಕುವ ಕೆಲಸ. ಇದನ್ನು ಮರೆತು ನೋಡಿದರೆ ಚಿತ್ರದ ಅರ್ಧ ಬಿಸಿ ಆರಿಹೋಗುತ್ತದೆ.

ಕಥೆಯ ಎಳೆ ಸರಳ. ಕಾರು ಕದಿಯುವುದನ್ನೇ ಕಸುಬಾಗಿಸಿಕೊಂಡವರು, ಅವರ ಸಿಕ್ಕಿಬೀಳುವಿಕೆ, ಸೆರೆಮನೆ, ಅಲ್ಲಿಂದ ತಪ್ಪಿಸಿಕೊಳ್ಳುವ ಯತ್ನ. ಅಣ್ಣ ತಮ್ಮಂದಿರಿಬ್ಬರೂ ಕಳ್ಳರ ಪಾತ್ರಗಳಲ್ಲಿದ್ದಾರೆ. ಜೊತೆಗೆ ಹಿರಿಯ ನಟ ಲೋಕನಾಥ್, ಮರಾಠಿ ರಂಗಭೂಮಿಯಿಂದ ಬಂದ ಪ್ರಿಯಾ ತೆಂಡುಲ್ಕರ್, ಮುಂದೆ ಶಂಕರ್ ಬಳಗದ ಖಾಯಂ ಸದಸ್ಯರಾದ ರಮೇಶ್ ಭಟ್. ಪ್ರಿಯಾ ಅವರನ್ನು ಐದಾರು ವರ್ಷಗಳ ಬಳಿಕ ಇಡೀ ದೇಶ ದೂರದರ್ಶನದ ‘ರಜನಿ’ಯಾಗಿ ಗುರುತಿಸಿತು. 1979-80ನೇ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ‘ಮಿಂಚಿನ ಓಟ’ ಮೊದಲ ಅತ್ಯುತ್ತಮ ಚಿತ್ರವೆನಿಸಿತು, ಅನಂತ್ ನಾಗ್ ಅತ್ಯುತ್ತಮ ನಟರಾದರು. ಇಲ್ಲೊಂದು ಮಾತು. ಚಿತ್ರೋತ್ಸವದ ಪ್ರಶಸ್ತಿ ಪಡೆದು ಒಂದು ವರ್ಷ ಕಳೆದಿರದ, ಹೊಡೆದಾಟದ ನಾಯಕನಾಗಿ ಹೆಸರು ಮಾಡುತ್ತಿದ್ದ 25ರ ಯುವಕ ತನ್ನ ಮೊದಲ ಚಿತ್ರದಲ್ಲಿ ತನಗಾಗಿಯೇ ಒಂದು ಮೆರೆಯುವ ಪಾತ್ರ ಬರೆದುಕೊಳ್ಳಬಹುದಿತ್ತು. ಹಾಗಾಗದೆ ಪ್ರಶಸ್ತಿ ಅಣ್ಣನ ಪಾಲಾಯಿತು. ನಿರ್ದೇಶಕನ ಕಣ್ಣು ನಟನ ಆಸೆಯನ್ನು ಹಿಂದಿಕ್ಕಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೀರ್ತಿಯ ಲೆಕ್ಕಾಚಾರ

ಈಗ ಕೀರ್ತಿಯ ಪ್ರಶ್ನೆಗೆ ಬರೋಣ. ಈ ಚಿತ್ರದ ಬಗ್ಗೆ ಅಭಿಮಾನಿಗಳು ಹೇಳುವ ಮಾತುಗಳಲ್ಲಿ ಮೊದಲನೆಯದು, ಕನ್ನಡದಲ್ಲಿ ಈ ಬಗೆಯ ಚಿತ್ರ ಇದೇ ಮೊದಲು ಎಂಬುದು. ಇದನ್ನು ಒಪ್ಪುವುದು ಕಷ್ಟ. ದೊರೆ-ಭಗವಾನ್ ಜೋಡಿ 1968ರಲ್ಲೇ ‘ಜೇಡರ ಬಲೆ’ ತೆಗೆದು ರಾಜ್‌ಕುಮಾರ್ ಅವರನ್ನು ಪತ್ತೇದಾರನನ್ನಾಗಿ ಮಾಡಿತ್ತು. ಕಳ್ಳಸಾಗಣೆದಾರರು, ಗುಹೆಯಂಥ ಅಡಗುತಾಣಗಳು, ಕೆಂಪು ದೀಪದ ಕೋಣೆಗಳು ಎಪ್ಪತ್ತರ ದಶಕದ ನಮ್ಮ ಚಿತ್ರಗಳಲ್ಲಿ ಬೇಕಾದಷ್ಟಿದ್ದವು. ಮೊದಲಿಗ ಎಂಬ ಪಟ್ಟ ಕೊಡುವುದರಲ್ಲಿ ನಮಗಿರುವ ಆತುರ ಯಾವ ಕಲಾವಿದನಿಗೂ ಉಪಕಾರ ಮಾಡಿಲ್ಲ.

ಎರಡನೆಯದು, ವೇಗ. ಚಿತ್ರದ ಹೆಸರೇ ವೇಗವನ್ನು ಹೇಳುತ್ತದೆ, ನಿಜ. ಮೊದಲ ಭಾಗದಲ್ಲಿ ದೃಶ್ಯಗಳು ಒಂದನ್ನೊಂದು ಅಟ್ಟಿಕೊಂಡು ಹೋಗುವ ರೀತಿ ಆ ಕಾಲದ ಕನ್ನಡ ಚಿತ್ರಗಳ ಸಾವಧಾನಕ್ಕೆ ಹೋಲಿಸಿದರೆ ಬೇರೆಯೇ. ಆದರೆ ಇಂದು ಕುಳಿತು ನೋಡಿದಾಗ ಬೆನ್ನಟ್ಟುವ ದೃಶ್ಯಗಳು ನನ್ನ ಮಟ್ಟಿಗೆ ಚಿತ್ರದ ಬಲವಾದ ಭಾಗವಲ್ಲ. ಹಾಲಿವುಡ್ ಚಿತ್ರಗಳಿಂದ ಕಲಿತ ಪಾಠ ಅಲ್ಲಲ್ಲಿ ಪಾಠವಾಗಿಯೇ ಉಳಿದಿದೆ. ಹೆಣ್ಣು ಪಾತ್ರಗಳಿಗೆ ಕಥೆಯೊಳಗೆ ಸಿಕ್ಕ ಜಾಗ ಸಾಲದು. ಪ್ರಿಯಾ ತೆಂಡುಲ್ಕರ್ ಅವರಂಥ ನಟಿಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು ಅನಿಸುತ್ತದೆ.

ಮೂರನೆಯದು ಬಾಯಿಬಿಟ್ಟು ಯಾರೂ ಹೇಳದ, ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಕಾರಣ: ಶೀರ್ಷಿಕೆ. 1990ರಿಂದ ಈಚೆಗೆ ಶಂಕರ್ ನಾಗ್ ಎಂದರೆ ಮಿಂಚು, ಅವರ ಬದುಕೆಂದರೆ ಮಿಂಚಿನ ಓಟ ಎಂದು ಬರೆಯದ ಲೇಖಕರಿಲ್ಲ. ಹನ್ನೆರಡು ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳು, ಅದರ ನಡುವೆ ನಾಟಕ, ಧಾರಾವಾಹಿ, ಧ್ವನಿಮುದ್ರಣ ಸ್ಟುಡಿಯೊ, ಕೊನೆಗೆ ರಸ್ತೆಯ ಮೇಲೆ ಸಾವು. ಇಂಥ ಬದುಕಿಗೆ ಆ ಶೀರ್ಷಿಕೆ ತಾನೇ ತಾನಾಗಿ ಅಂಟಿಕೊಂಡಿತು. ಆದರೆ ಆ ಹೆಸರು ಅವರ ಜೀವನಚರಿತ್ರೆಯ ಹೆಸರಾದ ದಿನವೇ ಅದೇ ಹೆಸರಿನ ಚಿತ್ರ ಮರೆಯಾಯಿತು. ಕಾರುಗಳ್ಳರ ಕಥೆಗೆ ಇಟ್ಟ ಹೆಸರನ್ನು ನಾವು ಕಥೆ ಹೇಳಿದವನಿಗೆ ಇಟ್ಟುಬಿಟ್ಟೆವು. ಹಾಗಾಗಿ ಚಿತ್ರಕ್ಕೆ ಸಲ್ಲುತ್ತಿರುವ ಗೌರವದ ದೊಡ್ಡ ಪಾಲು ಚಿತ್ರವನ್ನು ತಲುಪುತ್ತಲೇ ಇಲ್ಲ.

ಸಾವಿನಿಂದ ಬರುವ ಹೆಸರು ಹೆಬ್ಬಾಳದವರಿಗೆ ಹೊಸತೇನಲ್ಲ. 2018ರಲ್ಲಿ ಇಲ್ಲಿ ಬೆಳಕಿಗೆ ಬಂದ ಕಲ್ಲೊಂದನ್ನು ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನವೆಂದು ಗುರುತಿಸಲಾಗಿದೆ. ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ದಾಳಿಗೆ ಬಂದ ರಾಷ್ಟ್ರಕೂಟರ ಪಡೆಯನ್ನು ಎದುರಿಸಿ ಮಡಿದ ಕಿತ್ತಯ್ಯ ಎಂಬವನಿಗಾಗಿ ನಿಲ್ಲಿಸಿದ ವೀರಗಲ್ಲು ಅದು. ಅವನು ಹೇಗೆ ಸತ್ತ ಎಂಬುದು ಕಲ್ಲಿನ ಮೇಲಿದೆ. ಹೇಗೆ ಬದುಕಿದ್ದ, ಏನು ಕೆಲಸ ಮಾಡುತ್ತಿದ್ದ, ಯಾವುದರಲ್ಲಿ ಜಾಣನಾಗಿದ್ದ ಎಂಬುದು ನಮಗೆ ಸಿಗುವುದಿಲ್ಲ. ಶಂಕರ್ ಅವರ ವಿಷಯದಲ್ಲಿ ನಮಗೆ ಆ ಕೊರತೆಯಿಲ್ಲ, ಕೆಲಸ ಕಣ್ಣ ಮುಂದಿದೆ. ಆದರೂ ನಾವು ಓದುತ್ತಿರುವುದು ವೀರಗಲ್ಲನ್ನೇ.

ಹಾಗಾದರೆ ಚಿತ್ರಕ್ಕೆ ಅದರದೇ ಆದ ಯೋಗ್ಯತೆ ಇಲ್ಲವೇ? ಇದೆ, ಆದರೆ ಅದು ಬೇರೆ ಕಡೆ ಇದೆ. ಅದನ್ನು ಕಾಣಲು ಅದರ ಹಿಂದು ಮುಂದಿನ ಚಿತ್ರಗಳ ಪಕ್ಕದಲ್ಲಿ ಅದನ್ನಿಟ್ಟು ನೋಡಬೇಕು.

ಅಮೆರಿಕದಲ್ಲಿ 1931-32ರಲ್ಲಿ ‘ಲಿಟಲ್ ಸೀಸರ್’, ‘ಪಬ್ಲಿಕ್ ಎನಿಮಿ’, ‘ಸ್ಕಾರ್‌ಫೇಸ್’ ಬಂದಾಗಿನಿಂದ ಪಾತಕಿಯ ಚಿತ್ರಕ್ಕೆ ಒಂದು ಅಚ್ಚು ಸಿದ್ಧವಾಗಿತ್ತು. ಕೆಳಗಿನಿಂದ ಏರುವುದು, ಮೇಲೆ ಮೆರೆಯುವುದು, ಕೊನೆಗೆ ಬೀಳುವುದು. ಬೀಳುವುದು ನೀತಿಗಾಗಿ, ಮೆರೆಯುವುದು ಟಿಕೆಟ್ಟಿಗಾಗಿ. 1972ರ ‘ಗಾಡ್‌ಫಾದರ್’ ಆ ಅಚ್ಚಿಗೆ ಮನೆತನದ ಗಾಂಭೀರ್ಯವನ್ನು ತಂದುಕೊಟ್ಟಿತು. ನಮ್ಮ ದೇಶದಲ್ಲಿ 1975ರ ‘ದೀವಾರ್’ ಅದಕ್ಕೆ ತಾಯಿಯ ಕಣ್ಣೀರನ್ನೂ ಬಾಲ್ಯದ ಅವಮಾನವನ್ನೂ ಸೇರಿಸಿತು. ಅಲ್ಲಿಂದ ಮುಂದೆ ನಮ್ಮ ತೆರೆಯ ಪಾತಕಿ ಎಂದರೆ ಅನ್ಯಾಯಕ್ಕೆ ಒಳಗಾದವನು, ಅವನು ಮಾಡಿದ್ದಕ್ಕೆಲ್ಲ ಸಮಾಜವೇ ಹೊಣೆ ಎಂದಾಯಿತು.

ಕನ್ನಡದಲ್ಲಿ ‘ಮಿಂಚಿನ ಓಟ’ದ ಮರುವರ್ಷವೇ ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ ಬಂತು. ಅಂಬರೀಷ್ ಅವರ ಕನ್ವರ್‌ಲಾಲ್ ಪಾತಕಿಯಾಗಿದ್ದರೂ ಜನರ ಬಾಯಲ್ಲಿ ನಾಯಕನಾಗಿ ಉಳಿದ. 1995ರಲ್ಲಿ ಉಪೇಂದ್ರ ನಿರ್ದೇಶನದ ‘ಓಂ’ ಬಂದು ಎಲ್ಲವನ್ನೂ ಬದಲಿಸಿತು. ಬೆಂಗಳೂರಿನ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ ಆ ಚಿತ್ರ ಎಷ್ಟು ಸಲ ಮರುಬಿಡುಗಡೆಯಾಯಿತು ಎಂಬುದೇ ಒಂದು ದಂತಕಥೆ. ಅದರ ಕೌಶಲ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಹಿಂದೆ ಬಂದ ಮಚ್ಚು-ಲಾಂಗಿನ ಚಿತ್ರಗಳ ಸಾಲು ಎಷ್ಟು ಉದ್ದವಿತ್ತು ಎಂಬುದನ್ನು ಆ ವರ್ಷಗಳಲ್ಲಿ ಮೆಜೆಸ್ಟಿಕ್‌ನ ಗೋಡೆಗಳನ್ನು ನೋಡಿದವರೆಲ್ಲ ಬಲ್ಲರು. ಮಚ್ಚು ಹಿಡಿದವನ ಪೋಸ್ಟರಿಗೆ ಹಾಲೆರೆಯುವುದು ಆಗ ಸಾಮಾನ್ಯ ನೋಟವಾಗಿತ್ತು. 2007ರಲ್ಲಿ ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ ಎಂಬತ್ತರ ದಶಕದ ಬೆಂಗಳೂರಿನ ಭೂಗತ ಲೋಕವನ್ನು ಹೆಚ್ಚು ಸಂಯಮದಿಂದ ನೋಡಿತು. ಅದರ ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈ ಇದ್ದದ್ದು ಕಾಕತಾಳೀಯವಿರಬಹುದು. ಶಂಕರ್ ಅವರನ್ನು ಕನ್ನಡಕ್ಕೆ ತಂದವರೂ ಅವರೇ ಎಂಬುದು ಮಾತ್ರ ನೆನಪಾಗದೆ ಇರದು.

ಈ ಸಾಲಿನಲ್ಲಿ ಇಟ್ಟಾಗ ‘ಮಿಂಚಿನ ಓಟ’ದ ನಿಜವಾದ ಗುಣ ಕಣ್ಣಿಗೆ ಬೀಳುತ್ತದೆ. ಅದರ ಕಳ್ಳರು ಯಾರ ಆರಾಧ್ಯದೈವಗಳಾಗಲೂ ತಕ್ಕವರಲ್ಲ. ಅವರು ಕೈಕೆಲಸ ಬಲ್ಲವರು, ಆ ಕೈಕೆಲಸವನ್ನು ತಪ್ಪು ದಾರಿಗೆ ಹಚ್ಚಿದವರು. ಅವರನ್ನು ಮೇಲಕ್ಕೆತ್ತಿ ಮೆರೆಸುವ ಗೋಜಿಗೆ ಚಿತ್ರ ಹೋಗುವುದಿಲ್ಲ, ಕೆಳಕ್ಕೆ ತಳ್ಳಿ ಬುದ್ಧಿ ಹೇಳುವುದೂ ಇಲ್ಲ. ಅನಂತ್ ಅವರ ಅಭಿನಯದಲ್ಲಿ ಜಾಣತನದ ಜೊತೆಗೇ ಒಂದು ಬಳಲಿಕೆ ಇದೆ. ಓಡುವವನಿಗೆ ಎಲ್ಲಿಗೆ ಓಡಬೇಕೆಂದು ಗೊತ್ತಿಲ್ಲದಿದ್ದಾಗ ಬರುವ ಬಳಲಿಕೆ ಅದು. ಲೋಕನಾಥ್ ಅವರನ್ನು ನೋಡುವಾಗ ಕಳ್ಳತನವೂ ಒಂದು ಸಂಸಾರದಂತೆ ಅನಿಸುತ್ತದೆ, ಅಲ್ಲೂ ಹಿರಿಯರಿದ್ದಾರೆ, ಮುನಿಸಿದೆ, ಋಣವಿದೆ. ಸೆರೆಮನೆಯ ಭಾಗ ನಿಧಾನವಾಗುತ್ತದೆ ಎಂದು ದೂರುವವರಿದ್ದಾರೆ. ನನಗೆ ಮಾತ್ರ ಚಿತ್ರ ಅಲ್ಲಿಯೇ ತನ್ನ ಹೆಸರನ್ನು ತಾನೇ ಪ್ರಶ್ನಿಸಿಕೊಳ್ಳುತ್ತದೆ ಅನಿಸಿತು. ಮಿಂಚು ನಿಂತಾಗ ಉಳಿಯುವುದು ಇಬ್ಬರು ಮೂವರು ಸಾಧಾರಣ ಮನುಷ್ಯರು.

ಶ್ರೇಷ್ಠ ಕೃತಿ ಎಂಬ ಮಾತು ಈ ಚಿತ್ರಕ್ಕೆ ದೊಡ್ಡದಾಯಿತು. ಆದರೆ ಪಾತಕಿಯನ್ನು ಹೊಗಳದೆ ಅವನೊಡನೆ ಎರಡು ಗಂಟೆ ಕೂರಬಹುದು ಎಂದು ತೋರಿಸಿದ ಚಿತ್ರಗಳು ನಮ್ಮಲ್ಲಿ ಕೈಬೆರಳೆಣಿಕೆಯಷ್ಟು. ಆ ಕೆಲವೇ ಚಿತ್ರಗಳಲ್ಲಿ ಇದಕ್ಕೆ ಗಟ್ಟಿಯಾದ ಜಾಗವಿದೆ.

ಮುಂದಿನ ಹತ್ತು ವರ್ಷ

ಮೊದಲ ಚಿತ್ರದ ಪ್ರಶಸ್ತಿಗಳ ಬಳಿಕ ನಿರ್ದೇಶಕ ಶಂಕರ್ ಒಂದೇ ದಾರಿ ಹಿಡಿಯಲಿಲ್ಲ. 1981ರ ‘ಗೀತಾ’ ಅದರ ಹಾಡುಗಳಿಂದ ಇಂದಿಗೂ ಉಳಿದಿದೆ, ಸಂಗೀತ ಇಳಯರಾಜ ಅವರದು. ‘ಸಂಕೇತ್’ ತಂಡ ಕಟ್ಟಿ ಅರುಂಧತಿಯವರೊಡನೆ ಕನ್ನಡ ರಂಗಭೂಮಿಗೆ ನಗರದ ಹೊಸ ಪ್ರೇಕ್ಷಕರನ್ನು ಕರೆತಂದರು. ಹಗಲು ಗಾಂಧಿನಗರದ ಹೊಡೆದಾಟ, ಸಂಜೆ ನಾಟಕದ ತಾಲೀಮು. ಹೊಡೆದಾಟದ ಚಿತ್ರಗಳಲ್ಲಿ ಹಲವು ಮರೆತುಹೋಗಬಹುದಾದವು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಗಳಿಸಿದ್ದನ್ನು ಇಲ್ಲಿ ಸುರಿಯುವುದು ಅವರ ಬದುಕಿನ ಲೆಕ್ಕವಾಗಿತ್ತು.

‘ಮಿಂಚಿನ ಓಟ’ದ ಜೊತೆ ಓದಬೇಕಾದ ಅವರ ಚಿತ್ರವೆಂದರೆ ‘ಆಕ್ಸಿಡೆಂಟ್’. ರಾಜಕಾರಣಿಯೊಬ್ಬನ ಮಗ ಅಮಲಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿಸುತ್ತಾನೆ. ತಂದೆಯ ಅಧಿಕಾರ ಅವನನ್ನು ಕಾಪಾಡಲು ಹೊರಡುತ್ತದೆ, ಒಬ್ಬ ಪತ್ರಕರ್ತ ಬೆನ್ನುಹತ್ತುತ್ತಾನೆ. ಪತ್ರಕರ್ತ ಶಂಕರ್, ರಾಜಕಾರಣಿ ಅನಂತ್. 1984ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯನ್ನು ಕುರಿತ ಚಿತ್ರವೆಂದು ಅದಕ್ಕೆ ಮನ್ನಣೆ ದೊರೆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಯೋಚನೆಯ ಮುಂದುವರಿಕೆ ಕಾಣುತ್ತದೆ. ಮೊದಲ ಚಿತ್ರದಲ್ಲಿ ಕಾರಿಲ್ಲದವರು ಕಾರು ಕದ್ದು ಸೆರೆಮನೆ ಸೇರುತ್ತಾರೆ. ಎರಡನೆಯದರಲ್ಲಿ ಕಾರಿದ್ದವನು ಜೀವಗಳನ್ನು ತೆಗೆದರೂ ಅವನನ್ನು ಸೆರೆಮನೆಯಿಂದ ದೂರವಿಡಲು ಇಡೀ ವ್ಯವಸ್ಥೆ ಟೊಂಕಕಟ್ಟಿ ನಿಲ್ಲುತ್ತದೆ. ನಿಜವಾದ ಪಾತಕಿ ಯಾರು ಎಂಬ ಪ್ರಶ್ನೆಯನ್ನು ಶಂಕರ್ ಐದು ವರ್ಷಗಳ ಅಂತರದಲ್ಲಿ, ಮಚ್ಚು ಹಿಡಿಸದೆ, ಎರಡು ಬಗೆಯಲ್ಲಿ ಕೇಳಿದರು. ಎರಡನೆಯ ಚಿತ್ರ ಮೊದಲನೆಯದಕ್ಕಿಂತ ಬಿಗಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಅದರ ಹೆಸರು ಅಷ್ಟು ಕೇಳಿಬರದೆ ಇರುವುದಕ್ಕೆ ಕಾರಣ, ಅದನ್ನು ಇಟ್ಟು ಅವರ ಬದುಕಿಗೆ ಶೀರ್ಷಿಕೆ ಬರೆಯಲು ಯಾರಿಗೂ ಮನಸ್ಸು ಬಾರದಿದ್ದದ್ದೇ ಇರಬೇಕು.

ಆರ್.ಕೆ. ನಾರಾಯಣರ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ, ಅದನ್ನು ದೇಶವೇ ನೋಡಿದೆ. 1987ರಲ್ಲಿ ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು ‘ಒಂದು ಮುತ್ತಿನ ಕಥೆ’ ಮಾಡಿದರು. ಮರುವರ್ಷ ‘ಎಸ್.ಪಿ. ಸಾಂಗ್ಲಿಯಾನಾ’ ಬಂದು, ಕಳ್ಳನಾಗಿ ನಿರ್ದೇಶನ ಆರಂಭಿಸಿದವರು ಕನ್ನಡದ ಅತ್ಯಂತ ಜನಪ್ರಿಯ ಪೊಲೀಸ್ ಅಧಿಕಾರಿಯಾದರು. ಜನ ತಮಗೆ ಬೇಕಾದ ಶಂಕರ್ ಅವರನ್ನು ಆರಿಸಿಕೊಂಡರು: ಆಟೊ ಓಡಿಸುವವನು ಮತ್ತು ಕಳ್ಳರನ್ನು ಹಿಡಿಯುವವನು. ಗಂಡುಗಲಿಯೂ ಕಾರುಗಳ್ಳನೂ ಪ್ರಶಸ್ತಿಗಳ ಪಟ್ಟಿಯಲ್ಲಿ ಉಳಿದರು.

ಸಿನಿಮಾದ ಆಚೆಗೂ ಅವರ ತಲೆ ಓಡುತ್ತಿತ್ತು. ರಾಮಕೃಷ್ಣ ಹೆಗಡೆಯವರ ಸರಕಾರವಿದ್ದ ಕಾಲದಲ್ಲಿ ಬೆಂಗಳೂರಿಗೆ ಮೆಟ್ರೊ ರೈಲು ಬೇಕೆಂದು ವಿದೇಶಗಳಲ್ಲಿ ನೋಡಿ ಬಂದು ವಾದಿಸಿದರು. ನಂದಿಬೆಟ್ಟಕ್ಕೆ ರೋಪ್‌ವೇ ಮಾಡುವ ಯೋಚನೆ ಹೊತ್ತು ತಿರುಗಿದರು. ಆಗ ನಕ್ಕವರೇ ಹೆಚ್ಚಿರಬೇಕು. ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಅವರು ಹೋಗಿ 21 ವರ್ಷಗಳ ಮೇಲೆ. ನಂದಿಗೆ ಹೋಗುವ ದಾರಿ ಹೆಬ್ಬಾಳದ ಮೂಲಕವೇ. ಇಲ್ಲಿ ವಿಮಾನ ನಿಲ್ದಾಣದ ಮಾರ್ಗಕ್ಕೆಂದು ಮೆಟ್ರೊ ಕಂಬಗಳು ಎದ್ದಾಗ ಅವರ ಹೆಸರನ್ನು ನೆನೆದವರು ಒಬ್ಬಿಬ್ಬರಲ್ಲ.

1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ದಾವಣಗೆರೆ ಬಳಿಯ ಆನಗೋಡಿನ ಹೆದ್ದಾರಿಯಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ಚಿತ್ರೀಕರಣಕ್ಕೆಂದು ಹೊರಟಿದ್ದ ಪ್ರಯಾಣ. ಜೊತೆಗಿದ್ದ ಪತ್ನಿ ಮತ್ತು ಪುಟ್ಟ ಮಗಳು ಉಳಿದರು. 36ನೇ ಹುಟ್ಟುಹಬ್ಬಕ್ಕೆ ನಲವತ್ತು ದಿನ ಬಾಕಿಯಿತ್ತು. ಅರುಂಧತಿಯವರು ಚೇತರಿಸಿಕೊಂಡು, ಅವರಿಬ್ಬರೂ ಕಂಡಿದ್ದ ರಂಗಮಂದಿರದ ಕನಸನ್ನು ಹದಿನಾಲ್ಕು ವರ್ಷಗಳ ಬಳಿಕ ಜೆ.ಪಿ. ನಗರದಲ್ಲಿ ‘ರಂಗಶಂಕರ’ವಾಗಿ ನಿಲ್ಲಿಸಿದರು. 2004ರಿಂದ ಅಲ್ಲಿ ನಾಟಕಗಳು ನಡೆದುಕೊಂಡು ಬಂದಿವೆ.

ನಾಟಕಕಾರ ಶಂಕರ್ ಅವರಿಗೆ ಹೀಗೆ ಒಂದು ಮನೆ ಸಿಕ್ಕಿತು. ಚಿತ್ರ ನಿರ್ದೇಶಕ ಶಂಕರ್ ಅವರಿಗೆ ಸಿಕ್ಕಿಲ್ಲ. ‘ಮಿಂಚಿನ ಓಟ’ವನ್ನು ನಾನು ಮೊದಲು ನೋಡಿದ್ದು ಟಿ.ವಿ.ಯಲ್ಲಿ, ಜಾಹೀರಾತುಗಳ ನಡುವೆ, ಬಣ್ಣ ಮಾಸಿದ ಪ್ರತಿಯಲ್ಲಿ. ಎರಡನೆಯ ಸಲ ನೋಡಿದ್ದೂ ಅದಕ್ಕಿಂತ ಉತ್ತಮವಾದುದನ್ನಲ್ಲ. ರಾತ್ರಿಯ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆಂದು ಊಹಿಸಿಕೊಳ್ಳಬೇಕಾಯಿತು. ಚಿತ್ರದ ಬಗ್ಗೆ ಇಷ್ಟೆಲ್ಲ ಮಾತು ಆಡುವ ನಾವು ಅದರ ಒಂದು ಸ್ವಚ್ಛ ಪ್ರತಿಯನ್ನು ದೊಡ್ಡ ತೆರೆಯ ಮೇಲೆ ವರ್ಷಕ್ಕೊಮ್ಮೆಯಾದರೂ ನೋಡುವಂತಾದರೆ, ಅದರ ಕೀರ್ತಿ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಗೆ ಆಗ ಆಧಾರ ಸಿಗುತ್ತದೆ.

ಈ ಲೇಖನದ ಯೋಚನೆಯಲ್ಲಿದ್ದ ದಿನಗಳಲ್ಲಿ ಒಮ್ಮೆ ಹೆಬ್ಬಾಳದಿಂದ ಆರ್.ಟಿ. ನಗರಕ್ಕೆ ಆಟೊ ಹಿಡಿದಿದ್ದೆ. ಗಾಡಿಯ ಹಿಂದೆ ಅದೇ ಖಾಕಿ ಅಂಗಿಯ ಚಿತ್ರವಿತ್ತು. ಚಾಲಕರು ಮೂವತ್ತರ ಆಸುಪಾಸಿನವರು. ‘ಆಟೊ ರಾಜ’ವನ್ನು ಎಷ್ಟು ಸಲ ನೋಡಿದ್ದಾರೆಂಬ ಲೆಕ್ಕ ತಮಗೇ ಇಲ್ಲವೆಂದರು, ಸಾಂಗ್ಲಿಯಾನಾ ಸಂಭಾಷಣೆಗಳು ಅವರ ನಾಲಗೆಯ ಮೇಲಿದ್ದವು. ‘ಮಿಂಚಿನ ಓಟ’ದ ಹೆಸರು ಹೇಳಿದಾಗ, ಅದು ಅಣ್ಣನ ಮೇಲೆ ಬಂದ ಪುಸ್ತಕವಲ್ಲವೇ ಸಾರ್ ಎಂದು ಕೇಳಿದರು. ಅಲ್ಲ, ಅವರೇ ನಿರ್ದೇಶಿಸಿದ ಮೊದಲ ಸಿನಿಮಾ, ಅದರಲ್ಲಿ ಅವರು ಕಾರು ಕದಿಯುವ ಕಳ್ಳ ಎಂದೆ. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ, ಶಂಕ್ರಣ್ಣ ಅಂಥ ಪಾತ್ರ ಮಾಡಿರಲಾರರು, ನಿಮಗೆಲ್ಲೋ ಮರೆವಾಗಿದೆ ಎಂದರು. ಇಳಿಯುವಾಗ ಚಿಲ್ಲರೆ ಎಣಿಸಿ ಕೊಡುತ್ತ, ಫೋನಿನಲ್ಲಿ ಸಿಗುತ್ತದೆಯೇ ಎಂದು ಮಾತ್ರ ವಿಚಾರಿಸಿದರು. ಸಿಗುತ್ತದೆ, ಚಿತ್ರ ಅಷ್ಟು ಸ್ಪಷ್ಟವಾಗಿಲ್ಲ ಎಂದೆ.